ದವಾಖಾನೆ ಅಂಗಳದ ಗದ್ದಲ ತಗ್ಗಿಸುವುದು ಹೇಗೆ

ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನಮ್ಮ ಅವ್ವನಿಗೆ ಪಿತ್ತಕೋಶದ ಆಪರೇಷನ್ ಆದಾಗ ನಾನು ಒಂಬತ್ತು ದಿನ ಅದರ ಅಂಗಳದಲ್ಲೇ ಕಳೆದೆ. ಕಾಂಪೌಂಡಿನ ಹಿಂದಿನ ಮೂಲೆಯಲ್ಲಿ ದೊಡ್ಡದೊಂದು ಬೇವಿನ ಮರ, ಸುತ್ತ ಕಲ್ಲಿನ ಕಟ್ಟೆ. ಏಪ್ರಿಲ್ ಮಧ್ಯಾಹ್ನದಲ್ಲೂ ಅಲ್ಲಿ ತಂಪಾಗಿರುತ್ತಿತ್ತು. ಆದರೆ ಒಬ್ಬರೂ ಕೂರುತ್ತಿರಲಿಲ್ಲ. ಎಲ್ಲರೂ ಕ್ಯಾಜುವಾಲ್ಟಿ ಬಾಗಿಲೆದುರು, ಜನರೇಟರಿಗೂ ಬೈಕ್ ಸ್ಟ್ಯಾಂಡಿಗೂ ನಡುವೆ ಉಳಿದ ಒಂದಿಷ್ಟು ಫರಸಿ ಕಲ್ಲಿನ ನೆಲದ ಮೇಲೆ ಚಾದರ ಹಾಸಿಕೊಂಡು ಕೂತಿರುತ್ತಿದ್ದರು. ಕರೆಂಟು ಹೋದಾಗ ಜನರೇಟರ್ ಶುರುವಾದರೆ ಪಕ್ಕದವರ ಕಿವಿಗೆ ಬಾಯಿ ಹಚ್ಚಿ ಮಾತಾಡಬೇಕು. ಬಬಲೇಶ್ವರದ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿಯನ್ನು ಕೇಳಿದೆ: "ಆಯೀ, ಅಲ್ಲಿ ನೆಳ್ಳಾಗ ಹೋಗಿ ಕುಂದ್ರಬಾರದೇನ್ರಿ?" ಆಕೆ ರೊಟ್ಟಿ ಮುರಿಯುತ್ತಾ ಹೇಳಿದಳು: "ಅಲ್ಲಿ ಕುಂತ್ರ ಒಳಗ ಕರದಿದ್ದು ಕೇಳಂಗಿಲ್ಲೋ ತಮ್ಮಾ."

ನಾನು ಸಿವಿಲ್ ಕೆಲಸದವನು. ಕಾಂಪೌಂಡ್ ಗೋಡೆ, ಪೇವರ್ಸು, ಶೆಡ್ಡು, ಇಂಥವು. ಅವತ್ತಿನವರೆಗೆ ಅಂಗಳ ಅಂದ್ರೆ ಕಣ್ಣಿಗೆ ಚೆಂದ ಕಂಡರೆ ಸಾಕು ಅಂದುಕೊಂಡಿದ್ದೆ. ಆಮೇಲೆ ಒಂದೆರಡು ನರ್ಸಿಂಗ್ ಹೋಮಿನ ಅಂಗಳ ಸರಿ ಮಾಡುವ ಕೆಲಸ ಸಿಕ್ಕಿತು, ಒಂದಿಷ್ಟು ಓದಿದೆ, ಒಂದಿಷ್ಟು ಎಡವಟ್ಟೂ ಮಾಡಿದೆ. ನರ್ಸಿಂಗ್ ಹೋಮ್ ನಡೆಸುವ ಡಾಕ್ಟರಿಗೆ, ಆಸ್ಪತ್ರೆ ಮೇಂಟೆನೆನ್ಸ್ ನೋಡಿಕೊಳ್ಳುವವರಿಗೆ, ನನ್ನಂಥ ಕಾಂಟ್ರಾಕ್ಟರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಗುರಿ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ನಿಶ್ಶಬ್ದ ಅಲ್ಲ. ಅದು ಆಗುವ ಮಾತೂ ಅಲ್ಲ, ಯಾರಿಗೂ ಬೇಕಾಗಿಯೂ ಇಲ್ಲ. ಕಟ್ಟೆ ಮೇಲೆ ಕೂತ ಇಬ್ಬರು ದನಿ ಏರಿಸದೆ ಮಾತಾಡಲು ಬರಬೇಕು, ಹಾಗೆ ಮಾತಾಡುತ್ತಿರುವಾಗ ಒಳಗಿಂದ ಹೆಸರು ಕರೆದರೆ ಗೊತ್ತಾಗಬೇಕು. ಇವೆರಡೂ ಆದರೆ ಅಂಗಳ ಪಾಸು.

ಮೊದಲು ಸುಮ್ನೆ ಕೂತು ಕೇಳಿ

ಯಾವ ಸಾಮಾನೂ ತರುವ ಮುಂಚೆ ಒಂದು ನೋಟ್‌ಬುಕ್ ತಗೊಂಡು ಅಂಗಳದಲ್ಲಿ ಕೂತುಬಿಡಿ. ಜನ ನಿಜವಾಗಿ ಕೂರುವ ನಾಲ್ಕೈದು ಜಾಗ ಆರಿಸಿ. ನೀವು ಬೆಂಚು ಹಾಕಿಸಿದ ಜಾಗ ಅಲ್ಲ, ಅವರು ಚಾದರ ಹಾಸುವ ಜಾಗ. ಒಂದೊಂದರಲ್ಲಿ ಹದಿನೈದು ನಿಮಿಷ ಕೂತರೆ ಸಾಕು, ಆದರೆ ದಿನಕ್ಕೆ ಮೂರು ಹೊತ್ತು: ಮುಂಜಾನೆ ಆರೂವರೆಗೆ, ಓಪಿಡಿ ತುಂಬಿರುವ ಹನ್ನೊಂದಕ್ಕೆ, ರಾತ್ರಿ ಹತ್ತರ ನಂತರ. ರಾತ್ರಿಯದನ್ನು ತಪ್ಪಿಸಬೇಡಿ, ಹಗಲು ಗದ್ದಲದಲ್ಲಿ ಮುಚ್ಚಿಹೋಗುವ ಎಷ್ಟೋ ಸಪ್ಪಳ ರಾತ್ರಿ ಮಾತ್ರ ಸಿಗುತ್ತವೆ.

ಏನು ಸದ್ದು, ಎಲ್ಲಿಂದ, ಎಷ್ಟು ಹೊತ್ತು, ಅದು ಆಸ್ಪತ್ರೆಯದೋ ಹೊರಗಿನದೋ. ಇಷ್ಟನ್ನೇ ಬರೆಯಿರಿ. ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಬರೆದ ಒಂದು ಪುಟ ಹೀಗಿತ್ತು: "ಗೇಟಿನ ಒಳಗೆ ಗಟಾರದ ಕಬ್ಬಿಣದ ಜಾಳಿ, ಗಾಡಿ ಹೋದಾಗಲೆಲ್ಲ ದಡಕ್-ದಡಕ್, ತಾಸಿಗೆ 40 ಸಲ. ಔಷಧದ ಅಂಗಡಿ ಶಟರ್, 2 ಸಲ. ಸ್ಟ್ರೆಚರ್ ಗಾಲಿ ಪೇವರ್ಸ್ ಮೇಲೆ ಕಟಕಟ, 6 ಸಲ. ಸೆಕ್ಯುರಿಟಿ ಸೀಟಿ, ಲೆಕ್ಕ ತಪ್ಪಿತು. ಟಂಟಂ ಆಟೋ ಹಾರ್ನ್, ಅದರದೂ ಲೆಕ್ಕ ತಪ್ಪಿತು. ಬೇವಿನ ಮೇಲೆ ಹರಟೆಮಲ್ಲ ಹಕ್ಕಿಗಳ ಜಗಳ. ದೂರದಲ್ಲಿ ಟಾಂಗಾ ಕುದುರೆ ಗೊರಸು." ಮ್ಯಾನೇಜ್‌ಮೆಂಟಿನವರು ಅಲ್ಲಿಯವರೆಗೆ "ರಸ್ತೆ ಗದ್ದಲ ಸರ್, ನಾವೇನು ಮಾಡೋಕಾಗುತ್ತೆ" ಅನ್ನುತ್ತಿದ್ದರು. ಪಟ್ಟಿ ನೋಡಿದರೆ ಮುಕ್ಕಾಲು ಪಾಲು ಗೇಟಿನ ಒಳಗಿನದೇ.

ಕೂತವರನ್ನೂ ಕೇಳಿ. ಎರಡೇ ಪ್ರಶ್ನೆ: ಯಾವ ಸಪ್ಪಳ ತ್ರಾಸು ಕೊಡುತ್ತದೆ, ಯಾವುದು ಕೇಳಿಸಬೇಕು. ಎರಡನೆಯದನ್ನು ಯಾರೂ ಕೇಳುವುದಿಲ್ಲ, ಮಜಾ ಇರುವುದೇ ಅದರಲ್ಲಿ. "ಕರೆದಿದ್ದು" ಅಂತ ಹೆಚ್ಚಿನವರು ಹೇಳುತ್ತಾರೆ, ಕೆಲವರು ಗುಡಿ ಗಂಟೆ ಅನ್ನುತ್ತಾರೆ. ಒಬ್ಬ ಮುದುಕರು ಟಾಂಗಾ ಸಪ್ಪಳ ಕೇಳಿದರೆ ಊರಲ್ಲೇ ಇದ್ದೇನೆ ಅನಿಸುತ್ತದೆ ಅಂದಿದ್ದರು. ಕೆನಡಾದ ಸಂಗೀತಗಾರ ಮರ್ರೆ ಶೇಫರ್ 1970ರ ದಶಕದಲ್ಲಿ ಇಂಥದ್ದಕ್ಕೇ 'ಸೌಂಡ್‌ಮಾರ್ಕ್' ಅಂತ ಹೆಸರು ಕೊಟ್ಟಿದ್ದು. ನೆಲಕ್ಕೆ ಗುರುತಿನ ಕಲ್ಲು ಇರುವ ಹಾಗೆ ಒಂದು ಊರಿಗೆ ಗುರುತಿನ ಸದ್ದು ಇರುತ್ತದೆ, ಅದನ್ನು ಗದ್ದಲದ ಜೊತೆ ಸೇರಿಸಿ ಒರೆಸಿಹಾಕಬಾರದು ಅನ್ನುವುದು ಅವರ ವಾದ. 2014ರಲ್ಲಿ ಬಂದ ಐಎಸ್‌ಒ 12913 ಅನ್ನುವ ಅಂತಾರಾಷ್ಟ್ರೀಯ ಮಾನದಂಡವೂ ಅದೇ ದಾರಿಯದು: ಒಂದು ಜಾಗದ ಸದ್ದು ಅಂದ್ರೆ ಮೀಟರ್ ತೋರಿಸಿದ್ದಷ್ಟೇ ಅಲ್ಲ, ಅಲ್ಲಿ ಇರುವವರಿಗೆ ಅದು ಹೇಗೆ ಅನಿಸುತ್ತದೆ ಅನ್ನುವುದೂ ಸೇರಿ.

ಆಮೇಲೆ ಫೋನ್ ತೆಗೆಯಿರಿ

ಐಫೋನ್ ಇದ್ದರೆ ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್‌ನ ಉಚಿತ ಸೌಂಡ್ ಮೀಟರ್ ಆಪ್ ಇದೆ, ಚೆನ್ನಾಗಿದೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಫೋನು ಒಂದೊಂದು ಹೇಳುತ್ತದೆ, ಹಾಗಾಗಿ ಕೊನೆವರೆಗೂ ಒಂದೇ ಫೋನು, ಒಂದೇ ಆಪ್ ಬಳಸಿ. ಮನುಷ್ಯರ ಕಿವಿಗೆ ಕೇಳುವ ರೀತಿಗೆ ಹೊಂದಿಸಿದ 'ಎ' ಅಳತೆಯಲ್ಲಿಟ್ಟು (ಆಪ್‌ನಲ್ಲಿ dBA ಅಂತ ಇರುತ್ತದೆ), ಕ್ಷಣಕ್ಷಣಕ್ಕೆ ಕುಣಿಯುವ ಅಂಕಿ ಬಿಟ್ಟು ಹದಿನೈದು ನಿಮಿಷದ ಸರಾಸರಿ ಬರೆದುಕೊಳ್ಳಿ.

ನಿಯಮ ಏನು ಹೇಳುತ್ತದೆ? ಕೇಂದ್ರದ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಅಂಥ ವಲಯದಲ್ಲಿ ಮುಂಜಾನೆ 6ರಿಂದ ರಾತ್ರಿ 10ರವರೆಗೆ 50 ಡೆಸಿಬಲ್ (ಸದ್ದಿನ ಜೋರು ಅಳೆಯುವ ಅಳತೆ), ರಾತ್ರಿ 10ರಿಂದ ಮುಂಜಾನೆ 6ರವರೆಗೆ 40 ಡೆಸಿಬಲ್ ಮಿತಿ. ಮನೆಗಳಿರುವ ಓಣಿಗೆ ಇದು 55 ಮತ್ತು 45. ನಮ್ಮ ಊರಿನ ಮುಖ್ಯ ರಸ್ತೆಗೆ ಅಂಟಿಕೊಂಡಿರುವ ಆಸ್ಪತ್ರೆಯಲ್ಲಿ ಹಗಲು 50 ಬಂತು ಅಂದ್ರೆ ಫೋನಿನ ಮೈಕ್ ಕೆಟ್ಟಿದೆಯಾ ಅಂತ ಮೊದಲು ನೋಡಿ. ಅಂಕಿ ಜಾಸ್ತಿ ಬಂತು ಅಂತ ಕೈಚೆಲ್ಲಬೇಡಿ. ಈ ಅಂಕಿ, ಇದ್ದ ಮಟ್ಟದಿಂದ ಸದ್ದು ಎಷ್ಟು ಇಳಿಸಿದಿರಿ ಅಂತ ನೋಡಲಿಕ್ಕೆ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧ ಆದ ಹಾಗೆ, 3 ಇಳಿದರೆ ಗಮನ ಕೊಟ್ಟವರಿಗಷ್ಟೇ ಗೊತ್ತಾಗುತ್ತದೆ. ಯಾರಾದರೂ ನಿಮಗೆ "2 ಡೆಸಿಬಲ್ ಕಡಿಮೆ ಮಾಡುವ" ಸಾಮಾನು ಮಾರಲು ಬಂದರೆ ಈ ಲೆಕ್ಕ ನೆನಪಿರಲಿ.

ದೂರು ಕೊಡುವುದಿದ್ದರೆ ಫೋನಿನ ಅಂಕಿ ನಡೆಯುವುದಿಲ್ಲ, ಅದಕ್ಕೆ ಪರೀಕ್ಷೆ ಮಾಡಿಸಿದ ಮೀಟರೇ ಬೇಕು.

ನಮ್ಮದೇ ಸಪ್ಪಳ ಮೊದಲು

ಆ ಜಾಳಿಯಿಂದ ಶುರು ಮಾಡೋಣ, ಯಾಕಂದ್ರೆ ಇಷ್ಟು ಅಗ್ಗದ ರಿಪೇರಿ ಇನ್ನೊಂದಿಲ್ಲ. ಗಟಾರದ ಮೇಲಿನ ಕಬ್ಬಿಣದ ಜಾಳಿ ಚೌಕಟ್ಟಿನಲ್ಲಿ ಸಡಿಲವಾಗಿರುತ್ತದೆ. ಗಾಲಿ ಒಂದು ತುದಿ ಏರಿದಾಗ ಇನ್ನೊಂದು ತುದಿ ಎದ್ದು ಬೀಳುತ್ತದೆ. ಜಾಳಿ ಎತ್ತಿ, ಚೌಕಟ್ಟಿನ ಮಣ್ಣು ಕೆರೆದು, ನಾಲ್ಕೂ ಕಡೆ ಹಳೇ ಟ್ಯೂಬಿನ ರಬ್ಬರ್ ಪಟ್ಟಿ ಹಾಕಿ ಕೂರಿಸಿ, ಮೂಲೆಗೆ ಒಂದೊಂದು ಬೋಲ್ಟ್ ಬಿಗಿಯಿರಿ. ಅರ್ಧ ತಾಸಿನ ಕೆಲಸ. ನಾನು ಅಲ್ಲಿ ಇದನ್ನು ಮಾಡಿದ ದಿನ ಸಂಜೆ ಹೆರಿಗೆ ವಾರ್ಡಿನ ಸಿಸ್ಟರ್ ಬಂದು "ಇವತ್ತು ಏನೋ ಬೇರೆ ಅನಿಸ್ತಿದೆ, ಏನು ಮಾಡಿದ್ರಿ" ಅಂತ ಕೇಳಿದರು. ಏನು ಅಂತ ಅವರಿಗೆ ತಿಳಿದಿರಲಿಲ್ಲ. ವರ್ಷಗಟ್ಟಲೆ ಕೇಳಿದ ಸಪ್ಪಳ ನಿಂತಿತ್ತು, ಅಷ್ಟೇ.

ಸ್ಟ್ರೆಚರ್ ದಾರಿಯೂ ಹೀಗೇ. ಅಂಚು ಇಳಿಜಾರು ಇರುವ ಪೇವರ್ ಬ್ಲಾಕಿನ ಮೇಲೆ ಸಣ್ಣ ಗಾಲಿ ಓಡಿದರೆ ಒಂದೊಂದು ಸಂದಿಗೂ ಒಂದು ಪೆಟ್ಟು, ಮೇಲೆ ಮಲಗಿದವರ ಹೊಲಿಗೆಗೂ ಅದೇ ಪೆಟ್ಟು. ಆಂಬುಲೆನ್ಸ್ ನಿಲ್ಲುವಲ್ಲಿಂದ ಬಾಗಿಲಿನವರೆಗೆ ನಾಲ್ಕೈದು ಅಡಿ ಅಗಲ ನಯವಾದ, ಆದರೆ ಜಾರದಂಥ ಕಾಂಕ್ರೀಟ್ ಪಟ್ಟಿ ಹಾಕಿ, ಗಾಲಿಗೆ ಗಟ್ಟಿ ಪ್ಲಾಸ್ಟಿಕ್ ಬದಲು ರಬ್ಬರ್ ಹಾಕಿಸಿ.

ಈಗ ಜನರೇಟರ್. ಎಲ್ಲ ಅಂಗಳದ ಮಹಾರಾಜ. 1000 ಕೆವಿಎ (ಜನರೇಟರಿನ ಶಕ್ತಿಯ ಅಳತೆ) ವರೆಗಿನ ಜನರೇಟರಿಗೆ ಅದರ ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು ಅಂತ ನಿಯಮ ಇದೆ, ಹೊಸದಾಗಿ ತಂದಾಗ ಮೀರುವುದೂ ಇಲ್ಲ. ಮತ್ತೆ ಯಾಕೆ ಇಷ್ಟು ಗದ್ದಲ? ಹೋಗಿ ನೋಡಿ, ಪೆಟ್ಟಿಗೆಯ ಬಾಗಿಲು ತೆರೆದಿರುತ್ತದೆ. ನಮ್ಮ ಕಡೆ 40 ಡಿಗ್ರಿ ಬಿಸಿಲಿಗೆ ಮಷೀನು ಕಾಯ್ದು ಬಂದ್ ಬೀಳುತ್ತದೆ ಅಂತ ಆಪರೇಟರ್ ಬಾಗಿಲು ತೆಗೆದು ಕಲ್ಲು ಆನಿಸಿಟ್ಟಿರುತ್ತಾನೆ. ಅವನ ತಪ್ಪಿಲ್ಲ. ತಪ್ಪು ಗಾಳಿ ಬರುವ ದಾರಿಯದು: ಜಾಲರಿಗೆ ಧೂಳು ಕಟ್ಟಿರುತ್ತದೆ, ಇಲ್ಲಾ ಪೆಟ್ಟಿಗೆ ಗೋಡೆಗೆ ಅಂಟಿಕೊಂಡಿರುತ್ತದೆ, ಇಲ್ಲಾ ಬಿಟ್ಟ ಬಿಸಿ ಗಾಳಿ ತಿರುಗಿ ಒಳಗೇ ಬರುತ್ತಿರುತ್ತದೆ. ಅದನ್ನು ಸರಿಪಡಿಸಿ ಬಾಗಿಲು ಮುಚ್ಚಿಸಿ. ಬರೀ "ಬಾಗಿಲು ತೆಗೆಯಬೇಡಿ" ಅಂತ ಬೋರ್ಡ್ ಬರೆದರೆ ಮರುದಿನವೂ ಅದೇ ಕಲ್ಲು ಅಲ್ಲೇ ಇರುತ್ತದೆ.

ಜನರೇಟರನ್ನು ಎರಡು ಗೋಡೆ ಕೂಡುವ ಮೂಲೆಗೆ ತಳ್ಳುವುದು ಎಲ್ಲರ ರೂಢಿ, ಕಣ್ಣಿಗೆ ಬೀಳಬಾರದು ಅಂತ. ಆದರೆ ಹಿಂದಕ್ಕೆ ಹೋಗಬೇಕಾದ ಸದ್ದನ್ನೂ ಗೋಡೆ ಮುಂದಕ್ಕೇ ನೂಕುತ್ತದೆ, ಮೂಲೆಯಲ್ಲಿ ಅದು ಇನ್ನೂ ಜೋರಾಗುತ್ತದೆ. ಹೊಗೆ ಕೊಳವೆಯ ಬಾಯಿ ವಾರ್ಡಿನ ಕಿಟಕಿ ಕಡೆಗೂ ಕೂರುವ ಜಾಗದ ಕಡೆಗೂ ಇರಬಾರದು. ಕೆಳಗೆ ರಬ್ಬರ್ ಪ್ಯಾಡ್ ಇದೆಯಾ ನೋಡಿ, ಇಲ್ಲದಿದ್ದರೆ ನಡುಕ ಕಟ್ಟೆಗೆ, ಕಟ್ಟೆಯಿಂದ ಗೋಡೆಗೆ ಹೋಗುತ್ತದೆ. ಹಾಗೇ ವಾರಕ್ಕೊಮ್ಮೆ ಸುಮ್ನೆ ಓಡಿಸಿ ಪರೀಕ್ಷೆ ಮಾಡುವ ಹೊತ್ತನ್ನು ಮುಂಜಾನೆ ಆರರಿಂದ ಹನ್ನೊಂದಕ್ಕೆ ತಳ್ಳಿ, ಯಾರಿಗೂ ಏನೂ ನಷ್ಟ ಇಲ್ಲ.

ಉಳಿದವು ಸಣ್ಣವು, ಬೇಗ ಮುಗಿಸಿ. ಗೇಟಿನ ತಿರುಗಣಿಗೆ ಗ್ರೀಸ್. ಸೀಟಿ ಬದಲು ಕೈಸನ್ನೆ. ಆಂಬುಲೆನ್ಸ್ ಗೇಟಿನ ಒಳಗೆ ಬಂದಮೇಲೆ ಸೈರನ್ ಬಂದ್. ಎಸಿ ಹೊರಗಿನ ಯೂನಿಟ್ಟಿನ ಸಡಿಲ ಸ್ಕ್ರೂ. ಕ್ಯಾಂಟೀನ್ ಟಿವಿ, ಇದಕ್ಕೆ ಮಾತ್ರ ಸ್ವಲ್ಪ ಜಗಳ ಆಗುತ್ತದೆ, ಮ್ಯಾಚ್ ಇದ್ದ ದಿನ ಹೋಗಬೇಡಿ.

ಕರೆಯುವುದನ್ನು ಸರಿ ಮಾಡದೆ ಮುಂದೆ ಹೋಗಬೇಡಿ

ಆ ಅಜ್ಜಿ ಹೇಳಿದ ಮಾತು ಇದೇ. ನೀವು ಎಷ್ಟು ಚೆಂದದ ತೋಟ ಮಾಡಿದರೂ, ಎಷ್ಟು ತಣ್ಣನೆ ನೆರಳು ಕೊಟ್ಟರೂ, ಅಲ್ಲಿ ಕೂತರೆ ಕರೆ ತಪ್ಪುತ್ತದೆ ಅಂದ್ರೆ ಯಾರೂ ಹೋಗುವುದಿಲ್ಲ. ಒಳಗೆ ಮಗ ಇದ್ದಾನೆ, ರಕ್ತ ಬೇಕಾಗಬಹುದು, ಸಹಿ ಬೇಕಾಗಬಹುದು. ಬಾಗಿಲು ಬಿಟ್ಟು ಹೇಗೆ ಹೋಗ್ತಾರೆ?

ಹೆಚ್ಚಿನ ಕಡೆ ಇರುವುದು ಬಾಗಿಲ ಮೇಲೆ ಒಂದು ದೊಡ್ಡ ಹಾರ್ನ್ ಸ್ಪೀಕರ್, ಜಾತ್ರೆಯದು. ಹತ್ತಿರದವರಿಗೆ ಕಿವಿ ಹರಿಯುತ್ತದೆ, ದೂರದವರಿಗೆ "ಪೇಷಂಟ್ ಕಡೆಯವರು... ಬರ್ಬೇಕು" ಅಂತ ಮೊದಲೂ ಕೊನೆಯೂ ಕೇಳಿ ನಡುವಿನ ಹೆಸರೇ ಕೇಳುವುದಿಲ್ಲ. ಅವ್ವನನ್ನು ಸ್ಕ್ಯಾನಿಂಗಿಗೆ ಒಯ್ಯುವಾಗ ನನಗೂ ಹೀಗೇ ಆಯಿತು. ಮೂರು ಸಲ ಕರೆದರಂತೆ, ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ ಚಹಾ ಕುಡಿಯುತ್ತಿದ್ದೆ. ಬೈಸಿಕೊಂಡೆ. ಆಮೇಲೆ ನಾನೂ ಆ ಫರಸಿ ಮೇಲಿನ ಗುಂಪಿನಲ್ಲೇ ಕೂತೆ, ಜನರೇಟರ್ ಪಕ್ಕ.

ಏನು ಮಾಡಬಹುದು? ಸಣ್ಣ ಆಸ್ಪತ್ರೆಗೆ ಎಲ್ಲಕ್ಕಿಂತ ಸುಲಭದ್ದು ಫೋನ್. ದಾಖಲು ಮಾಡುವಾಗ ಅಂಗಳದಲ್ಲಿ ಇರುವವರ ನಂಬರ್ ಬರೆದುಕೊಳ್ಳಿ, ವಾರ್ಡಿನಿಂದ ಕರೆ ಮಾಡಿ, "ನೀವು ಎಲ್ಲೇ ಕೂತಿದ್ದರೂ ಫೋನ್ ಬರುತ್ತೆ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ನಂಬುವುದಿಲ್ಲ. ಎಲ್ಲರ ಹತ್ತಿರ ಫೋನ್ ಇರುವುದಿಲ್ಲ, ಇದ್ದರೂ ಚಾರ್ಜ್ ಇರುವುದಿಲ್ಲ, ಹಾಗಾಗಿ ಕಟ್ಟೆ ಹತ್ತಿರ ನಾಲ್ಕು ಚಾರ್ಜಿಂಗ್ ಪಾಯಿಂಟ್ ಕೊಡಿ. ಇದು ಕರೆಂಟಿನ ಕೆಲಸ, ಆದರೆ ನನ್ನ ಪ್ರಕಾರ ಸದ್ದಿನ ಕೆಲಸವೂ ಹೌದು.

ಸ್ಪೀಕರ್ ಬೇಕೇ ಬೇಕು ಅಂದರೆ ಒಂದು ದೊಡ್ಡದರ ಬದಲು ಆರು ಸಣ್ಣವು, ಕೂರುವ ಜಾಗದ ಹತ್ತಿರವೇ, ತಲೆಗಿಂತ ಸ್ವಲ್ಪ ಮೇಲೆ. ಲೆಕ್ಕ ಸರಳ. ಒಂದೇ ಕಡೆಯಿಂದ ಬರುವ ಸದ್ದು ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಮಾತು ಸ್ಪಷ್ಟವಾಗಿ ತಿಳಿಯಬೇಕಾದರೆ ಹಿನ್ನೆಲೆ ಗದ್ದಲಕ್ಕಿಂತ ಸುಮಾರು 10ರಿಂದ 15 ಡೆಸಿಬಲ್ ಮೇಲಿರಬೇಕು. ದೂರದ ಹಾರ್ನಿನಿಂದ ಅಷ್ಟು ತಲುಪಿಸಬೇಕಾದರೆ ಹಾರ್ನಿನ ಕೆಳಗೆ ಕೂತವರ ಗತಿ ಏನು? ಹತ್ತಿರದ ಸಣ್ಣ ಸ್ಪೀಕರ್ ಮೆಲ್ಲಗೆ ಹೇಳಿದರೂ ಸಾಕು. ರಾತ್ರಿ ದನಿ ತಾನಾಗಿ ಇಳಿಯುವಂತೆ ಬೇರೆ ಸೆಟ್ಟಿಂಗ್ ಇಡಿ. ಹೇಳುವವರು ನಿಧಾನವಾಗಿ, ಊರಿನ ಹೆಸರು ಸೇರಿಸಿ, ಎರಡು ಸಲ ಹೇಳಲಿ. ಇಲ್ಲಿ ಕನ್ನಡದವರ ಜೊತೆ ಉರ್ದು ಮಾತಾಡುವವರು, ಸೋಲಾಪುರ ಕಡೆಯಿಂದ ಬಂದ ಮರಾಠಿಯವರೂ ಇರುತ್ತಾರೆ. ಹೆಸರು, ಊರು ಸಾಕು. ಯಾವ ರೋಗಕ್ಕೆ ಬಂದಿದ್ದಾರೆ ಅಂತ ಊರಿಗೆಲ್ಲ ಸಾರಬೇಡಿ.

ಜೊತೆಗೆ ಕಟ್ಟೆಯಿಂದ ಕಾಣುವಂತೆ ಒಂದು ಟೋಕನ್ ಬೋರ್ಡ್. ಕಿವಿ ಮಂದ ಇರುವವರಿಗೆ ಅದೇ ಗತಿ.

ರಸ್ತೆ, ಗೋಡೆ, ಕಬ್ಬಿನ ಟ್ರ್ಯಾಕ್ಟರು

ಸಾಲಾಗಿ ಕಂಬದಂಥ ಅಶೋಕ ಮರ ನೆಟ್ಟರೆ ಸದ್ದು ತಡೆಯುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ತಡೆಯುವುದಿಲ್ಲ. ಹತ್ತಾರು ಮೀಟರ್ ದಪ್ಪದ ತೋಪು ಇದ್ದರೆ ಏನೋ ಒಂದಿಷ್ಟು, ಒಂದು ಸಾಲಿನಿಂದ ಏನೂ ಇಲ್ಲ. ರಸ್ತೆ ಕಣ್ಣಿಗೆ ಮರೆಯಾಗುತ್ತದೆ, ಅದಕ್ಕೆ ಸ್ವಲ್ಪ ಹಾಯ್ ಅನಿಸಬಹುದು, ಅದೂ ಬೇಡ ಅನ್ನುವುದಿಲ್ಲ. ಆದರೆ ಸದ್ದು ತಡೆಯುವುದು ತೂಕ. ಚದರ ಮೀಟರಿಗೆ ಕನಿಷ್ಠ 10 ಕೆ.ಜಿ. ಆದರೂ ತೂಗುವ, ಸಂದಿಯೇ ಇಲ್ಲದ ಗೋಡೆ ಬೇಕು. ಅರ್ಧ ಮಿಲಿಮೀಟರ್ ಪತ್ರಾಸ್, ಅಂದ್ರೆ ಮಾಡಿನ ತಗಡು, 4 ಕೆ.ಜಿ. ಕೂಡ ತೂಗುವುದಿಲ್ಲ. ಇಟ್ಟಿಗೆ, ಬ್ಲಾಕು, ನಮ್ಮ ಕರಿಕಲ್ಲು ಇವೆಲ್ಲ ಬೇಕಾದಷ್ಟು ಆಯಿತು.

ಗೋಡೆ ಎಷ್ಟು ಎತ್ತರ? ನೀವು ಕೂತಾಗ ಸದ್ದಿನ ಮೂಲ ಕಣ್ಣಿಗೆ ಕಾಣುತ್ತಿದ್ದರೆ ಗೋಡೆ ಇದ್ದೂ ಇಲ್ಲದ ಹಾಗೆ. ಮರೆಯಾದ ಕೂಡಲೇ ಸುಮಾರು 5 ಡೆಸಿಬಲ್ ಇಳಿಯುತ್ತದೆ, ಇನ್ನೂ ಎತ್ತರಿಸಿದರೆ ಇನ್ನಷ್ಟು. ಆರಡಿ ಗೋಡೆ ಬೈಕು, ಕಾರಿನ ಟೈರಿನ ಸದ್ದಿಗೆ ಆಗುತ್ತದೆ. ಟ್ರ್ಯಾಕ್ಟರಿಗೆ ಆಗುವುದಿಲ್ಲ. ಯಾಕಂದ್ರೆ ಟ್ರ್ಯಾಕ್ಟರಿನ ಸೈಲೆನ್ಸರ್ ಮೇಲಕ್ಕೆ ನಿಂತಿರುತ್ತದೆ, ಗೋಡೆಯ ಮೇಲಿಂದ ಇಣುಕುತ್ತದೆ. ಹಾಗಾಗಿ ಕಟ್ಟೆಯನ್ನು ಗೋಡೆಯ ಬುಡಕ್ಕೇ ಹಾಕಿ, ತಗ್ಗಾಗಿ ಹಾಕಿ. ಗೋಡೆ ಸದ್ದಿನ ಹತ್ತಿರ ಇರಬೇಕು, ಇಲ್ಲಾ ಕೇಳುವವರ ಹತ್ತಿರ ಇರಬೇಕು, ನಡುವೆ ಇದ್ದರೆ ಕೆಲಸಕ್ಕೆ ಬಾರದು. ನಮ್ಮ ಜನ ನೆಲದ ಮೇಲೆ ಕೂರುವುದು ಇಲ್ಲಿ ಲಾಭವೇ, ಕಿವಿ ಇನ್ನೊಂದೆರಡು ಅಡಿ ಕೆಳಗೆ ಹೋಗುತ್ತದೆ. ಅಂದ ಹಾಗೆ ಎಲ್ಲಕ್ಕಿಂತ ಒಳ್ಳೆಯ ಗೋಡೆ ನಿಮ್ಮ ಹತ್ತಿರ ಈಗಾಗಲೇ ಇದೆ: ಆಸ್ಪತ್ರೆ ಕಟ್ಟಡ. ಅದರ ಹಿಂದೆ ಕೂರಿಸಿ.

ನವೆಂಬರಿನಿಂದ ಕಬ್ಬು ನುರಿಸುವ ಹಂಗಾಮು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ, ಎರಡೆರಡು ಟ್ರೇಲರ್, ಸೀಟಿನ ಹಿಂದೆ ಆಳೆತ್ತರದ ಸ್ಪೀಕರ್, ರಾತ್ರಿ ಎರಡಕ್ಕೂ ಜಾನಪದ ಹಾಡು. ಚಾಲಕನಿಗೆ ನಿದ್ದೆ ಬರಬಾರದು, ಅದೂ ನಿಜ. ಆದರೆ ಒಂದು ಸಂಗತಿ ನಮ್ಮ ಕೈಯಲ್ಲಿದೆ: ಆಸ್ಪತ್ರೆ ಗೇಟಿನ ಎದುರೇ ಹಂಪ್ ಹಾಕಿಸಬೇಡಿ. ಖಾಲಿ ಟ್ರೇಲರ್ ಹಂಪ್ ಹಾರಿದರೆ ಕೊಂಡಿಯಿಂದ ಹಿಡಿದು ತಗಡಿನವರೆಗೆ ಎಲ್ಲಾ ಬಡಿಯುತ್ತದೆ, ಆಮೇಲೆ ಗೇರ್ ಇಳಿಸಿ ಎಂಜಿನ್ ಏರಿಸುತ್ತಾರೆ. ವೇಗ ತಗ್ಗಿಸಲೇಬೇಕಿದ್ದರೆ ಗೇಟಿನಿಂದ ಆಚೀಚೆ ನೂರು ಮೀಟರ್ ದೂರ ಇರಲಿ. ಹಾರ್ನ್, ಲೌಡ್‌ಸ್ಪೀಕರ್ ವಿಷಯಕ್ಕೆ ಜಿಲ್ಲಾಧಿಕಾರಿಗೆ ಇಲ್ಲವೇ ಡಿವೈಎಸ್ಪಿ ಕಚೇರಿಗೆ ಅರ್ಜಿ ಕೊಡಿ. 2010ರ ತಿದ್ದುಪಡಿಯಲ್ಲಿ ನಿಶ್ಶಬ್ದ ವಲಯದಲ್ಲಿ ಹಾರ್ನ್ ಹೊಡೆಯುವುದನ್ನೇ ನಿಷೇಧಿಸಿದ್ದಾರೆ. ಆದರೆ 2017ರ ನಂತರ ಆ ಜಾಗ ನಿಶ್ಶಬ್ದ ವಲಯ ಅಂತ ಸರ್ಕಾರದಿಂದ ಘೋಷಣೆ ಆಗಿರಬೇಕು, ಬೋರ್ಡ್ ಇದ್ದ ಮಾತ್ರಕ್ಕೆ ಆಗಲಿಲ್ಲ. ಅರ್ಜಿಯಲ್ಲಿ ಮೊದಲು ಅದನ್ನೇ ಕೇಳಿ.

ಇನ್ನು ನನ್ನ ಎಡವಟ್ಟು. ಒಂದು ಕಡೆ ಕಾಯುವವರಿಗೆ ನೆರಳು ಅಂತ ಅರ್ಧ ಕೊಳವೆಯಂತೆ ಬಾಗಿದ ಪತ್ರಾಸ್ ಮಾಡು ಹಾಕಿಸಿದೆ, ಕೆಳಗೆ ಫರಸಿ, ಎರಡು ಬದಿಗೆ ಪ್ಲಾಸ್ಟರ್ ಗೋಡೆ. ನೋಡಲು ಭಾರಿ ಚೆಂದ. ಉದ್ಘಾಟನೆ ದಿನವೇ ಗೊತ್ತಾಯಿತು: ಆ ತುದಿಯಲ್ಲಿ ಯಾರೋ ಫೋನಿನಲ್ಲಿ ಸಾಲದ ವಿಷಯ ಮಾತಾಡಿದರೆ ಈ ತುದಿಯವರಿಗೆ ಬಡ್ಡಿ ಸಮೇತ ಕೇಳುತ್ತಿತ್ತು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ಹತ್ತಿ ಇಳಿದು ಬೆಳೆದವನು ನಾನು! ಅಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೇಳಿದ್ದು ದುಂಡಗಿನ ಗೋಡೆ ಹಿಡಿದುಕೊಂಡು ಹೋಗಿ ಎದುರು ಬದಿಯಲ್ಲಿ ಕೇಳುತ್ತದೆ, ಚಪ್ಪಾಳೆ ಹೊಡೆದರೆ ಮತ್ತೆ ಮತ್ತೆ ಮರಳುತ್ತದೆ. ಗಟ್ಟಿ, ನಯವಾದ, ಒಳಕ್ಕೆ ಬಾಗಿದ ಮೈ ಸದ್ದನ್ನು ಕುಡಿಯುವುದಿಲ್ಲ, ಕೂಡಿಸಿ ಕೊಡುತ್ತದೆ. ದಿನಾ ಕಣ್ಣೆದುರು ಇದ್ದ ಪಾಠ, ಕೆಲಸದಲ್ಲಿ ನೆನಪಾಗಲಿಲ್ಲ. ಮಳೆ ಬಂದಾಗಂತೂ ನಗಾರಿ. ಕೊನೆಗೆ ನನ್ನ ಖರ್ಚಿನಲ್ಲೇ ಅದನ್ನು ಬಿಚ್ಚಿ ಒಂದು ಕಡೆ ಇಳಿಜಾರಿನ ಪಫ್ ಶೀಟ್ (ಎರಡು ತಗಡಿನ ನಡುವೆ ಫೋಮ್ ತುಂಬಿದ್ದು) ಹಾಕಿಸಿದೆ, ಒಂದು ಬದಿಯ ಗೋಡೆ ಒಡೆಸಿ ಬಯಲು ಮಾಡಿದೆ, ಫರಸಿ ಅರ್ಧ ತೆಗೆಸಿ ಮಣ್ಣು, ಹುಲ್ಲು ಬಿಟ್ಟೆ. ಗೋಡೆ ನಯ ಮಾಡಬೇಡಿ, ಉಬ್ಬುತಗ್ಗಿನ ಕಲ್ಲು ಹಾಗೇ ಬಿಡಿ. ಪ್ಲಾಸ್ಟರ್ ಖರ್ಚೂ ಉಳಿಯುತ್ತದೆ.

ಒಳ್ಳೆಯ ಸದ್ದು ಸೇರಿಸುವ ಮುಂಚೆ

ಮೇಲಿನದೆಲ್ಲ ಮುಗಿದ ನಂತರವೇ ಇದಕ್ಕೆ ಬನ್ನಿ. ಗದ್ದಲದ ಮೇಲೆ ಇನ್ನೊಂದು ಸದ್ದು ಸುರಿದರೆ ಗದ್ದಲ ಎರಡಾಗುತ್ತದೆ.

ಎಲೆ ಸದ್ದಿಗೆ ಅರಳಿಯಂಥ ಮರ ಇಲ್ಲ. ತೊಟ್ಟು ಉದ್ದ, ತೆಳು, ಬೇವಿನ ಎಲೆ ಅಲುಗದಷ್ಟು ಗಾಳಿಗೂ ಅದು ಸರಸರ ಅನ್ನುತ್ತದೆ. ಆದರೆ ಬೇರು ಬುನಾದಿ, ಗಟಾರ ಯಾವುದನ್ನೂ ಬಿಡುವುದಿಲ್ಲ, ಕಟ್ಟಡದಿಂದ ಬಹಳ ದೂರ ಜಾಗ ಇದ್ದರೆ ಮಾತ್ರ ನೆಡಿ. ಜಾಗ ಇಲ್ಲದಿದ್ದರೆ ಬಿದಿರಿನ ಮೆಳೆ.

ಕಾರಂಜಿ ಬೇಡ. ಬೇರೆ ಕಡೆಯ ಲೇಖನಗಳಲ್ಲಿ ನೀರಿನ ಸದ್ದು ರಸ್ತೆ ಸದ್ದನ್ನು ಮರೆಮಾಡುತ್ತದೆ ಅಂತ ಓದಿರುತ್ತೀರಿ, ಅದು ತಪ್ಪಲ್ಲ. ಆದರೆ ಆಸ್ಪತ್ರೆಯಲ್ಲಿ ಕಾರಂಜಿ ಚಿಮ್ಮಿಸುವ ಸಣ್ಣ ಹನಿಯಲ್ಲಿ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಸೋತ ದೇಹದವರಿಗೆ ಅದು ನ್ಯುಮೋನಿಯಾ. ಅದೂ ಅಲ್ಲದೆ ನಳ ದಿನಾ ಬರದ ಓಣಿಯವರ ಕಣ್ಣೆದುರು ನೀರು ಚಿಮ್ಮಿಸಿದರೆ ಅವರು ಏನಂದುಕೊಳ್ಳುತ್ತಾರೆ ಅನ್ನುವುದೂ ಇದೆ. ಹಕ್ಕಿಗೆ ಮಣ್ಣಿನ ಬೋಗುಣಿ ಇಡಿ, ದಿನಾ ಉಜ್ಜಿ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ. ಜೋಳ ಚೆಲ್ಲಬೇಡಿ, ಗುಬ್ಬಿ ಬರುವ ಮುಂಚೆ ಪಾರಿವಾಳ ಬರುತ್ತವೆ, ಅವುಗಳ ಹಿಕ್ಕೆ ರೋಗಿಗಳ ಹತ್ತಿರ ಒಳ್ಳೆಯದಲ್ಲ.

ಹಾಡು, ಭಜನೆ, ವಚನದ ರೆಕಾರ್ಡ್? ನನ್ನ ಅಭಿಪ್ರಾಯ: ಬೇಡವೇ ಬೇಡ. ಒಬ್ಬರಿಗೆ ಸಮಾಧಾನ ಕೊಡುವುದು ಇನ್ನೊಬ್ಬರಿಗೆ ತಲೆಬಿಸಿ, ಬೇಡ ಅನಿಸಿದವರು ಎದ್ದು ಹೋಗುವಂತೆಯೂ ಇಲ್ಲ. ಅಂಗಳದ ಪುಟ್ಟ ಗಣಪತಿ ಗುಡಿಯ ಗಂಟೆ ಇರಲಿ, ಆಪರೇಷನ್ನಿಗೆ ಮುಂಚೆ ಒಂದು ಸಲ ಬಾರಿಸಿ ಹೋಗುವವರು ಬಹಳ ಜನ. ಕರೆಂಟಿನ ನಗಾರಿ-ಜಾಗಟೆ ಮಷೀನು ಮಾತ್ರ ತೆಗೆಸಿ. ಆದಿಲ್‌ಶಾಹಿಗಳು ಕೂಡ ಗೋಳಗುಮ್ಮಟದ ಮುಂದೆ ನಗಾರಿಗೆ ಅಂತ ಬೇರೆಯೇ ನಗಾರಖಾನೆ ಕಟ್ಟಿಸಿದ್ದರು, ಈಗ ಅದರಲ್ಲಿ ವಸ್ತುಸಂಗ್ರಹಾಲಯ ಇದೆ.

ಕೂರುವ ಜಾಗ

ಬೆಂಚುಗಳನ್ನು ಸಿನಿಮಾ ಟಾಕೀಸಿನಂತೆ ಸಾಲಾಗಿ ಹಾಕಿದರೆ ಆ ತುದಿಯವರ ಜೊತೆ ಮಾತಾಡಲು ಕೂಗಲೇಬೇಕು. ಕಟ್ಟೆಯನ್ನು ಮೂಲೆಗೆ ತಿರುಗಿಸಿ, ಎರಡು ತೋಳು ಕೂಡುವಂತೆ ಕಟ್ಟಿ. ಒಂದು ಮನೆಯವರು ಮುಖ ನೋಡಿ ಮಾತಾಡಿದರೆ ದನಿ ತಾನೇ ಇಳಿಯುತ್ತದೆ. ಇಂಥ ಒಂದೊಂದು ಗುಂಪಿಗೂ ನಡುವೆ ಹತ್ತು-ಹದಿನೈದು ಅಡಿ ಬಿಡಿ. ಸ್ಪೀಕರ್ ಹಾಕಿ ವಿಡಿಯೋ ಕಾಲ್ ಮಾಡುವವರಿಗೆ ಗೇಟಿನ ಕಡೆ ಒಂದು ಜಾಗ ತೋರಿಸಿ, ಬೈಯುವುದಕ್ಕಿಂತ ಅದು ಒಳ್ಳೆಯದು. ನೆರಳು, ರಾತ್ರಿ ದೀಪ, ಬುತ್ತಿ ಬಿಚ್ಚಿದ ಮೇಲೆ ಕೈ ತೊಳೆಯಲು ನಳ. ಇವಿಲ್ಲದೆ ಎಷ್ಟು ಶಾಂತ ಇದ್ದರೂ ಹೆಣ್ಣುಮಕ್ಕಳು ಅಲ್ಲಿ ರಾತ್ರಿ ಉಳಿಯುವುದಿಲ್ಲ.

ಒಂದು ಮಾತು ಹೇಳಲು ಕಷ್ಟ, ಆದರೆ ಬಿಡುವಂತಿಲ್ಲ. ನಮ್ಮ ಕಡೆ ಸಾವಾದರೆ ದನಿ ತೆಗೆದು, ಹೋದವರ ಗುಣ ಹೇಳಿ ಹೇಳಿ ಅಳುತ್ತಾರೆ. ಸೆಕ್ಯುರಿಟಿಯವರು "ಸುಮ್ನಿರ್ರಿ, ಬೇರೆ ಪೇಷಂಟ್ ಅದಾರ" ಅಂತ ಗದರುವುದನ್ನು ನೋಡಿದ್ದೇನೆ. ನೋಡಲಾಗುವುದಿಲ್ಲ. ಅಳುವುದನ್ನು ನಿಲ್ಲಿಸುವುದಲ್ಲ, ಅಳಲು ಜಾಗ ಕೊಡುವುದು ನಕ್ಷೆ ಹಾಕುವವರ ಕೆಲಸ. ಶವ ಒಯ್ಯುವ ದಾರಿ ಹೆರಿಗೆ ವಾರ್ಡಿನ ಅಂಗಳ, ಮಕ್ಕಳ ವಾರ್ಡಿನ ಕಿಟಕಿ ದಾಟಿ ಹೋಗಬಾರದು. ಆ ದಾರಿಯಲ್ಲಿ ಒಂದು ಗೋಡೆಯ ಮರೆ, ಹತ್ತು ಜನ ಕೂರುವಷ್ಟು ನೆರಳು, ಕುಡಿಯುವ ನೀರು, ಅಲ್ಲಿಗೇ ಗಾಡಿ ಬರುವ ವ್ಯ‍ವಸ್ಥೆ. ಕಟ್ಟಡದ ಹಿಂಬದಿ ಬಹಳ ಕಡೆ ಇದಕ್ಕೆ ಜಾಗ ಇದ್ದೇ ಇರುತ್ತದೆ, ಹಳೇ ಮಂಚ ಪೇರಿಸಿಟ್ಟಿರುತ್ತಾರೆ ಅಷ್ಟೇ.

ತಿಂಗಳ ನಂತರ

ಅದೇ ಜಾಗ, ಅದೇ ಹೊತ್ತು, ಅದೇ ಫೋನು ಹಿಡಿದು ಮತ್ತೆ ಕೂರಿ. ಅಂಕಿಗಿಂತ ಮೊದಲು ಚಾದರ ಎಣಿಸಿ: ಕ್ಯಾಜುವಾಲ್ಟಿ ಎದುರು ಎಷ್ಟು, ಮರದ ಕೆಳಗೆ ಎಷ್ಟು. ಮರದ ಕೆಳಗೆ ಇನ್ನೂ ಯಾರೂ ಇಲ್ಲ ಅಂದ್ರೆ ಕರೆಯುವ ವ್ಯವಸ್ಥೆಯಲ್ಲಿ ಎಲ್ಲೋ ತಪ್ಪಿದೆ, ಅಲ್ಲಿಗೆ ತಿರುಗಿ ಹೋಗಿ. ಕಬ್ಬಿನ ಹಂಗಾಮಿನಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಬೇರೆಯಾಗಿ ಅಳೆಯಿರಿ. ಜಾಳಿಯ ಕೆಳಗಿನ ರಬ್ಬರ್ ಒಂದು ಮಳೆಗಾಲ ಕಳೆದರೆ ಹರಿದುಹೋಗುತ್ತದೆ, ಅದಕ್ಕೆ ಗೇಟ್ ಕಾಯುವವರ ಡಬ್ಬಿಯಲ್ಲಿ ನಾಲ್ಕು ಪಟ್ಟಿ ಕತ್ತರಿಸಿ ಇಟ್ಟಿರಿ. ದಡಕ್ ಅಂತ ಮೊದಲು ಕೇಳಿಸುವುದು ಅವರಿಗೇ.